ಚಿಕಿತ್ಸೆ ಮನೆಗೇ ಬರಲಿ
ಕಾನೂನಿನ ಕೈಗೆ ಸಿಕ್ಕ ಮಕ್ಕಳಿಗೆ ಬಂಧನಗೃಹದೊಳಗೇ ಮಾನಸಿಕ ಚಿಕಿತ್ಸೆ ಕೊಟ್ಟರೆ ಸಾಕು ಎಂಬ ಲೇಖನದ ವಾದವನ್ನು ನಾನು ಖಂಡಿತ ಒಪ್ಪುವುದಿಲ್ಲ. ಹುಡುಗ ಸಿಟ್ಟಿಗೇಳುವುದು ಮನೆಯಲ್ಲಿ, ದಾರಿ ತಪ್ಪುವುದು ಗೆಳೆಯರ ನಡುವೆ. ಅಲ್ಲಿಗೆ ಹೋಗದ ಚಿಕಿತ್ಸೆ ಎಷ್ಟು ದಿನ ಬಾಳೀತು? ಅಮೆರಿಕದಲ್ಲಿ ರೂಪುಗೊಂಡ ಮಲ್ಟಿಸಿಸ್ಟಮಿಕ್ ಥೆರಪಿಯಲ್ಲಿ, ಅಂದರೆ ಮನೆ, ಶಾಲೆ, ಗೆಳೆಯರ ಬಳಗ ಎಲ್ಲವನ್ನೂ ಒಳಗೊಂಡು ಮಕ್ಕಳ ನಡತೆ ತಿದ್ದುವ ಚಿಕಿತ್ಸೆಯಲ್ಲಿ, ಒಬ್ಬ ಚಿಕಿತ್ಸಕರ ಪಾಲಿಗೆ 4ರಿಂದ 6 ಕುಟುಂಬಗಳಷ್ಟೇ. 3ರಿಂದ 5 ತಿಂಗಳು ಅವರೇ ಮನೆಗೆ ಬರುತ್ತಾರೆ. ನಡುರಾತ್ರಿ ಜಗಳವೆದ್ದರೂ ತಂಡದಲ್ಲಿ ಯಾರಾದರೊಬ್ಬರು ಫೋನ್ ಎತ್ತುತ್ತಾರೆ. ಮಗ ತಡವಾಗಿ ಬಂದಾಗ ಬಾಗಿಲಲ್ಲೇ ಕೂಗಾಡದೆ ಏನು ಹೇಳಬೇಕೆಂಬುದನ್ನು ತಾಯಿಯ ಪಕ್ಕ ಕುಳಿತು ಅಭ್ಯಾಸ ಮಾಡಿಸುತ್ತಾರೆ. ಫಲಿತಾಂಶ ಎಲ್ಲ ದೇಶಗಳಲ್ಲೂ ಒಂದೇ ತೆರನಾಗಿಲ್ಲ, ನಿಜ. ಆದರೆ ಚಿಕಿತ್ಸಕರ ತರಬೇತಿ, ಮೇಲ್ವಿಚಾರಣೆ ಸಡಿಲವಾದರೆ ಯಾವ ವಿಧಾನ ತಾನೇ ಫಲ ಕೊಡುತ್ತದೆ? ಬಜೆಟ್ ಕತ್ತರಿ ಮೊದಲು ಬೀಳುವುದೂ ಈ ತರಬೇತಿ, ಮೇಲ್ವಿಚಾರಣೆಗಳ ಮೇಲೆಯೇ ಎಂಬುದು ನನ್ನ ಆತಂಕ.