ಬೇಸಿಗೆಗೆ ಬೇರೆಯೇ ಗಡಿಯಾರ ಬೇಕು

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ಪಕ್ಕದ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳ ವೇಳೆ ಬದಲಾಗುವುದು ಬಹಳ ವರ್ಷಗಳಿಂದ ನಡೆದುಬಂದ ಪದ್ಧತಿ. ಬೆಳಿಗ್ಗೆ 8 ಗಂಟೆಗೆ ತೆರೆದ ಕಚೇರಿ ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ಈ ಆದೇಶ ಹೊರಬಿದ್ದಾಗಲೆಲ್ಲ ‘ಅರ್ಧ ದಿನದ ಕೆಲಸಕ್ಕೆ ಪೂರ್ತಿ ಸಂಬಳವೇ?’ ಎಂಬ ಪ್ರಶ್ನೆ ಬೇರೆ ಕಡೆಯ ಗೆಳೆಯರಿಂದ ಕೇಳಿಬರುತ್ತದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮೇ ತಿಂಗಳ ಎರಡನೇ ವಾರದಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ಕಲಬುರಗಿಯ ಬಸ್ ನಿಲ್ದಾಣದಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದವರು ಆ ಪ್ರಶ್ನೆಯನ್ನು ಮತ್ತೆ ಕೇಳಲಾರರು ಎಂಬ ನಂಬಿಕೆ ನನ್ನದು. ಈ ಬಿಸಿಲಿನಲ್ಲಿ ನಿಧಾನವಾಗಿ ಬದುಕುವುದನ್ನು ಸೋಮಾರಿತನವೆಂದು ಕರೆಯುವವರು ಬಿಸಿಲನ್ನೂ ಅರಿತಿಲ್ಲ, ಮೈಯನ್ನೂ ಅರಿತಿಲ್ಲ.

ಮನುಷ್ಯನ ದೇಹ ತನ್ನ ಉಷ್ಣತೆಯನ್ನು 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಾಯ್ದುಕೊಳ್ಳಬೇಕು. ಹೊರಗಿನ ಗಾಳಿ 40 ಡಿಗ್ರಿ ದಾಟಿದಾಗ ಅದು ಮೈಯ ಶಾಖವನ್ನು ಒಯ್ಯುವ ಬದಲು ತಾನೇ ಶಾಖ ತಂದು ಹಾಕುತ್ತದೆ. ಆಗ ಉಳಿಯುವ ದೊಡ್ಡ ಆಸರೆ ಬೆವರು ಒಂದೇ, ಅದು ಆರಿದರೆ ಮಾತ್ರ ಮೈ ತಂಪಾಗುತ್ತದೆ. ಇದರ ಮೇಲೆ ಗುದ್ದಲಿ ಹಿಡಿದು ಅಗೆದರೆ, ಸಿಮೆಂಟಿನ ಚೀಲ ಹೊತ್ತರೆ, ಆ ದುಡಿಮೆಯಿಂದಲೇ ಮೈಯೊಳಗೆ ಮತ್ತಷ್ಟು ಶಾಖ ಹುಟ್ಟುತ್ತದೆ. ಹೀಗಿರುವಾಗ ನೆರಳು ಹುಡುಕಿ ಕೂಡುವುದು, ನೀರು ಕುಡಿಯುವುದು, ನಡಿಗೆಯನ್ನು ತಗ್ಗಿಸುವುದು ಜೀವ ಉಳಿಸಿಕೊಳ್ಳುವ ಉಪಾಯಗಳು. ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿಗೆ ಹೋಗಬೇಡಿ ಎಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಪ್ರತಿ ಬೇಸಿಗೆಯಲ್ಲೂ ಹೇಳುತ್ತದೆ. ನಮ್ಮ ಅಜ್ಜಂದಿರು ಈ ಮಾತನ್ನು ಯಾವ ಪ್ರಕಟಣೆಯೂ ಇಲ್ಲದೆ ಪಾಲಿಸುತ್ತಿದ್ದರು.

ಅವರ ವರ್ಷದ ಲೆಕ್ಕದಲ್ಲಿಯೇ ಬೇಸಿಗೆಗೆ ಬೇರೆ ಜಾಗವಿತ್ತು. ಹಿಂಗಾರಿನ ಜೋಳದ ರಾಶಿ ಮುಗಿದು ಕಾಳು ಮನೆ ಸೇರಿದ ಮೇಲೆ ಎರೆಹೊಲ ಬರಿದಾಗುತ್ತಿತ್ತು. ಮಾಗಿ ಉಳುಮೆ ಮಾಡಿ ಬಿಟ್ಟರೆ ಮುಂದಿನ ಕೆಲಸ ಬಿಸಿಲಿನದು. ಮಗ್ಗುಲಾದ ಹೆಂಟೆಗಳು ಕಾದು ಕಳೆಯ ಬೇರು ಒಣಗಬೇಕು, ಮಣ್ಣಿನೊಳಗಿನ ಕೀಟದ ಕೋಶಗಳು ಸಾಯಬೇಕು. ಮುಂಗಾರಿಗೆ ಮುಂಚಿನ ಅಡ್ಡ ಮಳೆ ಬೀಳುವವರೆಗೆ ರೈತನಿಗೆ ಹಗ್ಗ ಹೊಸೆಯುವುದು, ಕುಂಟೆ ಕೂರಿಗೆ ರಿಪೇರಿ ಮಾಡಿಸುವುದು, ತಿಪ್ಪೆಗೊಬ್ಬರ ಸಾಗಿಸುವುದು, ಹೀಗೆ ನಸುಕಿನಲ್ಲೋ ಸಂಜೆಯಲ್ಲೋ ಮುಗಿಯುವ ಕೆಲಸಗಳು. ‘ಭರಣಿ ಮಳೆ, ಧರಣಿಯೆಲ್ಲ ಬೆಳೆ’ ಎಂದು ಆಡುತ್ತ ಅವರು ಕಾಯುತ್ತಿದ್ದರು, ಆ ಕಾಯುವಿಕೆಯೂ ಒಕ್ಕಲುತನದ ಒಂದು ಭಾಗವೇ ಆಗಿತ್ತು.

ಮನೆಯೊಳಗೂ ಬಿಸಿಲಿಗೆ ಕೆಲಸ ಒಪ್ಪಿಸುವ ಜಾಣತನ ಇತ್ತು. ನಮ್ಮ ಕಡೆಯ ಕುರಡಿಗೆ ಎಂಬ ಗೋಧಿ ಸಂಡಿಗೆಯನ್ನು ನೋಡಿ. ಗೋಧಿಯನ್ನು ಮೂರು ದಿನ ನೆನೆಹಾಕಿ, ದಿನವೂ ನೀರು ಬದಲಿಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯುತ್ತಾರೆ. ರಾತ್ರಿಯಿಡೀ ತಳದಲ್ಲಿ ನಿಂತ ಗಟ್ಟಿ ಹಾಲನ್ನು ನಸುಕಿನಲ್ಲಿ ಉಪ್ಪು ಹಾಕಿ, ಗಂಟಾಗದಂತೆ ತಿರುವುತ್ತ, ಅಂಟಂಟಾಗಿ ಹೊಳೆಯುವವರೆಗೆ ಬೇಯಿಸಬೇಕು. ಬಿಸಿ ಇರುವಾಗಲೇ ಒತ್ತಿನಲ್ಲಿ ತುಂಬಿ, ಮಾಳಿಗೆಯ ಮೇಲೆ ಹಾಸಿದ ಹಳೆಯ ಸೀರೆಯ ಮೇಲೆ ಎಳೆ ಎಳೆಯಾಗಿ ಒತ್ತುತ್ತಾರೆ. ಹೊತ್ತು ಏರುವ ಮುನ್ನ ಎಲ್ಲರೂ ಕೆಳಗೆ ಇಳಿದುಬಿಡುತ್ತಾರೆ, ಕಾಗೆ ಓಡಿಸಲು ನೆರಳಿನಲ್ಲಿ ಒಬ್ಬ ಹುಡುಗನಿದ್ದರೆ ಸಾಕು. ಎರಡು ಮೂರು ಬಿಸಿಲು ಕಾಣದೆ ಎತ್ತಿಟ್ಟ ಕುರಡಿಗೆ ಡಬ್ಬಿಯಲ್ಲಿ ಬೂಸು ಹಿಡಿಯುತ್ತದೆ, ಎಣ್ಣೆಯಲ್ಲಿ ಸರಿಯಾಗಿ ಅರಳುವುದೂ ಇಲ್ಲ. ಇಲ್ಲಿ ಅವಸರಕ್ಕೆ ಎಡೆಯೇ ಇಲ್ಲ.

ಆದರೆ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಹಳೆಯ ಕಾಲದ ಸರಳ ಬದುಕನ್ನು ಹೊಗಳುವ ಬರಹಗಳಲ್ಲಿ ಒಲೆಯ ಮುಂದೆ ಕುಳಿತವಳ ಬೆವರು ಕಾಣುವುದೇ ಅಪರೂಪ. ಶ್ಯಾವಿಗೆ, ಸಂಡಿಗೆ, ಹಪ್ಪಳ, ವರ್ಷದ ಖಾರ, ಉಪ್ಪಿನಕಾಯಿ ಎಲ್ಲವೂ ಇದೇ ಎರಡು ತಿಂಗಳಲ್ಲಿ ಆಗಬೇಕು, ಜೊತೆಗೆ ರಜೆಗೆ ಬಂದ ಮಕ್ಕಳಿಗೂ ಬೀಗರಿಗೂ ದಿನಕ್ಕೆ ಮೂರು ಹೊತ್ತು ಬಿಸಿ ಅಡುಗೆಯೂ ಆಗಬೇಕು ಎಂದರೆ ಬೇಸಿಗೆಯ ನಿಧಾನ ಮನೆಯ ಗಂಡಸರಿಗೆ ಮಾತ್ರ ಸಿಕ್ಕಂತಾಯಿತು. ಊಟ ಸರಳವಾದರೆ ಈ ಭಾರ ತಾನಾಗಿ ಇಳಿಯುತ್ತದೆ. ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿಯನ್ನು ಒಮ್ಮೆ ಮಾಡಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಅದರ ಜೊತೆಗೆ ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಕುಡಿಯಲು ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ ಇದ್ದರೆ ಮಧ್ಯಾಹ್ನ ಒಲೆ ಹಚ್ಚುವ ಅಗತ್ಯವೇ ಬೀಳುವುದಿಲ್ಲ. ಇಂಥ ಊಟವನ್ನು ಬಂದವರಿಗೆ ಬಡಿಸಲು ಸಂಕೋಚಪಡುವ ರೂಢಿ ಎಲ್ಲಿಂದ ಬಂತೋ ತಿಳಿಯದು, ಅದನ್ನು ಬಿಡುವುದು ಒಳ್ಳೆಯದು.

ನನ್ನನ್ನು ಹೆಚ್ಚು ಕಾಡುವುದು ನಿಧಾನ ಮಾಡುವ ಹಕ್ಕೇ ಇಲ್ಲದವರ ಪಾಡು. ಕಚೇರಿಯ ವೇಳೆ ಬದಲಾಯಿತು, ನಿಜ. ಆದರೆ ಶಹಾಬಾದ್, ಚಿತ್ತಾಪುರದ ಪರಸಿ (ಹಾಸುಗಲ್ಲು) ಗಣಿಗಳಲ್ಲಿ, ಕೆಳಗಿನ ಕಲ್ಲೂ ಮೇಲಿನ ಆಕಾಶವೂ ಒಂದೇ ಸಮನೆ ಉರಿಯುವಾಗ ಹಾರೆ ಹಿಡಿದು ನಿಂತವರಿಗೆ ಯಾವ ಸುತ್ತೋಲೆ ಇದೆ? ಕುದಿಯುವ ಡಾಂಬರಿನ ಪಕ್ಕದಲ್ಲಿ ಜಲ್ಲಿ ಹರಡುವ ಹೆಣ್ಣುಮಕ್ಕಳಿಗೆ, ಗಾರೆ ಕೆಲಸಕ್ಕೆಂದು ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದ ನಮ್ಮ ತಾಂಡಾಗಳ ಜನರಿಗೆ, ಎರಡು ಗಂಟೆಯ ಬಿಸಿಲಿನಲ್ಲಿ ನಮ್ಮ ಬಿರಿಯಾನಿ ಹೊತ್ತು ಬೈಕಿನಲ್ಲಿ ಬರುವ ಹುಡುಗನಿಗೆ ಯಾರ ಆದೇಶ ಅನ್ವಯಿಸುತ್ತದೆ? ಉದ್ಯೋಗ ಖಾತ್ರಿ ಕೆಲಸದಲ್ಲಿ ಈ ಭಾಗಕ್ಕೆ ಬೇಸಿಗೆಯಲ್ಲಿ ಕೆಲಸದ ಪ್ರಮಾಣ ತಗ್ಗಿಸಿ ಕೂಲಿಯನ್ನು ಪೂರ್ತಿ ಕೊಡುವ ಪದ್ಧತಿ ನಡೆದುಬಂದದ್ದು ಒಳ್ಳೆಯ ಮಾದರಿ. ಅದೇ ತತ್ವ ಖಾಸಗಿ ಗುತ್ತಿಗೆದಾರರಿಗೆ ಏಕೆ ಅನ್ವಯಿಸಬಾರದು? ನಮ್ಮ ಕರಾವಳಿಯ ಎಷ್ಟೋ ಮಂದಿ ದುಡಿಯುತ್ತಿರುವ ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲು ಬಿಸಿಲಿನಲ್ಲಿ ಕೆಲಸ ಮಾಡಿಸುವುದಕ್ಕೆ ಕಾನೂನಿನ ನಿಷೇಧವಿದೆ. ಅಲ್ಲಿ ಆಗುವುದು ಇಲ್ಲಿ ಆಗಬೇಕಾದರೆ ಸಲಹೆ, ಸೂಚನೆಗಳು ಸಾಲವು. ಬೇಸಿಗೆಯ ವಿರಾಮದ ವೇಳೆಯನ್ನು ಟೆಂಡರಿನ ಷರತ್ತಿನಲ್ಲಿಯೇ ಬರೆಯಬೇಕು, ಆ ತಾಸುಗಳ ಕೂಲಿ ಕಡಿತವಾಗಬಾರದು, ಕಾಮಗಾರಿ ಮುಗಿಸುವ ಗಡುವನ್ನೂ ಅದಕ್ಕೆ ತಕ್ಕಂತೆ ಹಾಕಬೇಕು.

ಸರ್ಕಾರದತ್ತ ಬೆರಳು ತೋರಿಸಿ ನಾವು ಸುಮ್ಮನಿರುವಂತೆಯೂ ಇಲ್ಲ. ನಮ್ಮ ಮದುವೆಗಳನ್ನೇ ನೋಡಿ. ಲಗ್ನಸರಾಯಿ ಬರುವುದೇ ಏಪ್ರಿಲ್, ಮೇ ತಿಂಗಳಲ್ಲಿ, ಅಕ್ಷತೆ ಬೀಳುವುದು ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ. ಅದಕ್ಕೆ ಮೊದಲು ಊರೆಲ್ಲ ಸುತ್ತುವ ಮೆರವಣಿಗೆಯಲ್ಲಿ ದಪ್ಪ ಕೋಟು ತೊಟ್ಟು ಕಹಳೆ ಊದುವ ಬ್ಯಾಂಡಿನವರು, ಬರಿಗಾಲಿನಲ್ಲಿ ಕಳಸ ಹಿಡಿದ ಮುತ್ತೈದೆಯರು, ಜರತಾರಿ ಸೀರೆಯಲ್ಲಿ ಬಸವಳಿದ ಮದುಮಗಳು. ಪೆಂಡಾಲಿನ ತಗಡಿನ ಕೆಳಗೆ ಸಾವಿರ ಜನರ ಊಟ, ಅದರ ಹಿಂದೆ ಉರಿಯುವ ಭಟ್ಟಿಯ ಮುಂದೆ ಅಡುಗೆಯವರು. ಹೊತ್ತು ಮುಳುಗುವ ವೇಳೆಯ ಗೋಧೂಳಿ ಲಗ್ನ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಬೆಳಗಿನ ಎಂಟರೊಳಗಿನ ಮುಹೂರ್ತಗಳೂ ಪಂಚಾಂಗದಲ್ಲಿವೆ. ಮುನ್ನೂರು ಜನರನ್ನು ಕರೆದು, ಸಂಜೆ ತಣ್ಣಗಾದ ಮೇಲೆ ಅಕ್ಷತೆ ಹಾಕಿಸಿ, ಹುಗ್ಗಿ, ಅನ್ನ, ಸಾರಿನ ಊಟ ಬಡಿಸಿದರೆ ಯಾವ ಮನೆತನದ ಗೌರವವೂ ಕುಂದುವುದಿಲ್ಲ.

ನಮ್ಮ ಬಳಗದಲ್ಲಿ ಬರುವ ವೈಶಾಖದಲ್ಲಿ ಒಂದು ಮದುವೆ ನಿಶ್ಚಯವಾಗಿದೆ. ಗೋಧೂಳಿಯ ಮಾತನ್ನು ಹಿರಿಯರ ಮುಂದೆ ಇಟ್ಟಿದ್ದೇನೆ. ಶಾಸ್ತ್ರಿಗಳು ಅಡ್ಡಿಯಿಲ್ಲ ಎಂದಿದ್ದಾರೆ, ಹುಡುಗಿಯ ತಾಯಿ ಕೂಡಲೇ ಒಪ್ಪಿದ್ದಾರೆ, ದೂರದ ಹಳ್ಳಿಗಳಿಂದ ಬರುವ ಬೀಗರು ರಾತ್ರಿ ಹೇಗೆ ಮರಳಬೇಕೆಂಬ ಒಂದೇ ಪ್ರಶ್ನೆ ಉಳಿದಿದೆ. ಅದಕ್ಕೆ ಬಸ್ಸಿನ ವ್ಯವಸ್ಥೆ ಮಾಡುವ ಹೊಣೆಯನ್ನು ನಾನೇ ಹೊತ್ತುಕೊಂಡಿದ್ದೇನೆ.