ತೆರೆಯ ಮೇಲಿನ ಅಡುಗೆಮನೆ ಅಷ್ಟು ಚೆಂದ ಇರಬೇಕಾ?

ಪರ: ಬಾಯಲ್ಲಿ ನೀರೂರಿದರೆ ತಪ್ಪೇನು?

ನಮ್ಮ ಮನೆಗೆ ಓವನ್ ಬಂದಿದ್ದು ತುಂಬಾ ತಡವಾಗಿ. ಅಲ್ಲಿಯವರೆಗೆ ಕೇಕ್ ಆಗುತ್ತಿದ್ದದ್ದು ಕುಕ್ಕರಿನಲ್ಲಿ. ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆದಿಟ್ಟು, ತಳಕ್ಕೆ ಎರಡು ಲೋಟ ಉಪ್ಪು ಸುರಿದು, ಅದರ ಮೇಲೊಂದು ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ತುಪ್ಪ ಸವರಿದ ಡಬ್ಬಿ. ಸಣ್ಣ ಉರಿ, ಮುಕ್ಕಾಲು ಗಂಟೆ. ಕುಕ್ಕರಿನ ಮುಚ್ಚಳಕ್ಕೆ ಗಾಜು ಇರುವುದಿಲ್ಲ. ಒಳಗೆ ಏನಾಗುತ್ತಿದೆ ಅಂತ ಹೇಳುವುದು ಮೂಗು ಮಾತ್ರ. ಮಧ್ಯೆ ತೆಗೆದು ನೋಡಿದರೆ ಕೇಕ್ ಕುಸಿದು ಕೂರುತ್ತದೆ. ಅಮ್ಮ ನನ್ನ ಕೈಗೆ ಎರಡು ಸಲ ಸೌಟಿನಲ್ಲಿ ಕೊಟ್ಟಿದ್ದು ಇದೇ ಕಾರಣಕ್ಕೆ.

ಹಾಗಾಗಿ ಕೇಕ್ ಉಬ್ಬುವುದನ್ನು ನಾನು ಮೊದಲ ಸಲ ನೋಡಿದ್ದು ಟೀವಿಯಲ್ಲಿ. ಯಾವುದೋ ಇಂಗ್ಲಿಷ್ ಸಿನಿಮಾ. ಕ್ಯಾಮೆರಾ ಓವನ್ನಿನ ಗಾಜಿಗೆ ಮೂಗು ತಾಗಿಸಿಕೊಂಡು ನಿಂತಿತ್ತು. ಹಿಟ್ಟು ಮೊದಲು ಅಂಚಿನಲ್ಲಿ ಏರಿತು, ಆಮೇಲೆ ನಡುವೆ ಉಬ್ಬಿತು, ಮೇಲೆ ಸಣ್ಣ ಬಿರುಕು ಬಿಟ್ಟಿತು. ಅಷ್ಟೇ. ನನಗೆ ಮೈ ಜುಮ್ಮೆಂದಿತು.

ಆ ದೃಶ್ಯಕ್ಕೆ ಲೈಟಿಂಗ್ ಇತ್ತು, ಮ್ಯೂಸಿಕ್ ಇತ್ತು, ಎಲ್ಲ ಬೇಕಂತಲೇ ಚೆಂದ ಮಾಡಿದ್ದು. ಮಾಡಲಿ ಬಿಡಿ. ನಾಯಕ ಬೈಕಿನಿಂದ ಇಳಿಯುವುದನ್ನು ಸ್ಲೋ ಮೋಷನ್‌ನಲ್ಲಿ ತೋರಿಸಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಸಾಸಿವೆ ಸಿಡಿಯುವುದಕ್ಕೂ ಅಷ್ಟು ಮರ್ಯಾದೆ ಸಿಕ್ಕರೆ ಯಾರಿಗೆ ಏನು ನಷ್ಟ?

2011ರಲ್ಲಿ ಮಲಯಾಳಂನಲ್ಲಿ ಆಶಿಕ್ ಅಬು 'ಸಾಲ್ಟ್ ಎನ್ ಪೆಪ್ಪರ್' ಮಾಡಿದರು. ದೋಸೆ ತರಿಸಲು ಮಾಡಿದ ಫೋನು ತಪ್ಪಿ ಬೇರೆಯವರಿಗೆ ಹೋಗುತ್ತದೆ. ಮೊದಲು ಜಗಳ, ಆಮೇಲೆ ಸ್ನೇಹ. ಮದುವೆಯ ವಯಸ್ಸು ದಾಟಿತು ಅಂತ ಊರು ಷರಾ ಬರೆದ ಇಬ್ಬರು, ಅವರವರ ಮನೆಯಲ್ಲಿ ನಿಂತು, ಫೋನಿನಲ್ಲಿ ಮಾತಾಡುತ್ತಾ ಒಂದೇ ಕೇಕ್ ಮಾಡುತ್ತಾರೆ. ಪದರ ಪದರವಾದ ಕೇಕ್. ಯುದ್ಧಕ್ಕೆ ಹೋದ ಗಂಡನಿಗೆ ಕಾಯುತ್ತಿದ್ದ ಒಬ್ಬ ಹೆಂಗಸಿನ ಕತೆ ಅದರ ಜೊತೆಗೆ. ಅದೇ ಸಿನಿಮಾವನ್ನು 2014ರಲ್ಲಿ ಪ್ರಕಾಶ್ ರೈ ಕನ್ನಡಕ್ಕೆ ತಂದು 'ಒಗ್ಗರಣೆ' ಅಂತ ಹೆಸರಿಟ್ಟರು. (ಹೆಸರಿಟ್ಟ ಪುಣ್ಯಾತ್ಮರಿಗೆ ನಮಸ್ಕಾರ.) ಅದರ ಊಟದ ಹಾಡು ಇವತ್ತಿಗೂ ಹೋಟೆಲ್ ರೀಲ್ಸ್‌ಗಳಲ್ಲೆಲ್ಲ ಸುತ್ತುತ್ತಿದೆ. ನೋಡುತ್ತಾ ನೋಡುತ್ತಾ ನಮ್ಮ ಭಾವ ಎದ್ದು ಹೋಗಿ ಉಪ್ಪಿಟ್ಟಿಗೆ ರವೆ ಹುರಿದರು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಮೊದಲ ಸಲ. ಅಕ್ಕ ಎಷ್ಟು ವರ್ಷ ಬೈದರೂ ಆಗದ ಕೆಲಸ ಅದು.

ಜೂಲಿಯಾ ಚೈಲ್ಡ್ ಅವರನ್ನೇ ತೆಗೆದುಕೊಳ್ಳಿ. 1963ರಿಂದ ಅಮೆರಿಕದ ಟೀವಿಯಲ್ಲಿ ಫ್ರೆಂಚ್ ಅಡುಗೆ ಹೇಳಿಕೊಟ್ಟವರು. 2009ರ 'ಜೂಲಿ ಅಂಡ್ ಜೂಲಿಯಾ'ದಲ್ಲಿ ಮೆರಿಲ್ ಸ್ಟ್ರೀಪ್ ಮಾಡಿದ್ದು ಇವರ ಪಾತ್ರವನ್ನೇ. ಜೂಲಿಯಾ 6 ಅಡಿ 2 ಇಂಚು ಎತ್ತರ. ಅಲ್ಲಿ ಅಡುಗೆಕಟ್ಟೆ ಸಾಮಾನ್ಯವಾಗಿ 36 ಇಂಚು ಇರುತ್ತದೆ. ಅವರ ಗಂಡ ಅದನ್ನು 38 ಇಂಚಿಗೆ ಏರಿಸಿಕೊಟ್ಟರು. ಗೋಡೆಯ ಹಲಗೆಯ ಮೇಲೆ ಪ್ರತಿ ಬಾಣಲೆಯ ಗೆರೆಚಿತ್ರ ಬರೆದರು, ಯಾವುದು ಎಲ್ಲಿ ತೂಗುಹಾಕಬೇಕು ಅಂತ ಗೊತ್ತಾಗಲಿ ಎಂದು. ಆ ಅಡುಗೆಮನೆ ಈಗ ಇಡೀಗಿಡಿಯಾಗಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ನನ್ನ ಅಜ್ಜಿ ಗಿಡ್ಡಕ್ಕಿದ್ದರು. ಅವರ ಕಟ್ಟೆ ಗಾರೆಯವನ ಅಳತೆಗೆ ಕಟ್ಟಿದ್ದು. ಜೀವನವಿಡೀ ಮಣೆಯ ಮೇಲೆ ನಿಂತು ಸಾರು ಕುದಿಸಿದರು. ಕಟ್ಟೆಯನ್ನು ಎರಡು ಇಂಚು ಇಳಿಸಬಹುದು ಅಂತ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ಯಾಕೆಂದರೆ ಆ ಕಟ್ಟೆಯನ್ನು ಯಾರೂ ಸರಿಯಾಗಿ ನೋಡಿಯೇ ಇರಲಿಲ್ಲ. ಕ್ಯಾಮೆರಾ ನೋಡಿಸುತ್ತದೆ. ಚೆಂದವಾಗಿ ತೋರಿಸಿದರೆ ಜನ ಇನ್ನೂ ಸ್ವಲ್ಪ ಹೊತ್ತು ನೋಡುತ್ತಾರೆ.

ಚೆಂದ ಅಂದರೆ ಹೊಳೆಯುವ ಗ್ರಾನೈಟು ಅಂತ ನಾನು ಹೇಳುತ್ತಿಲ್ಲ. 1996ರ 'ಬಿಗ್ ನೈಟ್' ಸಿನಿಮಾದ ಕೊನೆ ನೋಡಿ. ಹಿಂದಿನ ರಾತ್ರಿ ಭಾರೀ ಔತಣ ಮಾಡಿ, ಅಣ್ಣ ತಮ್ಮ ಇಬ್ಬರೂ ದಿವಾಳಿಯ ಅಂಚಿಗೆ ಬಂದು, ಹೊಡೆದಾಡಿಕೊಂಡಿದ್ದಾರೆ. ಬೆಳಿಗ್ಗೆ ತಮ್ಮ ಸುಮ್ನೆ ಮೊಟ್ಟೆ ಒಡೆದು ಆಮ್ಲೆಟ್ ಮಾಡುತ್ತಾನೆ. ಸುಮಾರು ಐದು ನಿಮಿಷ, ಒಂದೇ ಶಾಟ್, ಮಾತು ಹೆಚ್ಚುಕಡಿಮೆ ಇಲ್ಲ. ಅಣ್ಣ ಬಂದು ಕೂರುತ್ತಾನೆ, ಪಾಲು ಸಿಗುತ್ತದೆ, ಇಬ್ಬರೂ ತಿನ್ನುತ್ತಾರೆ, ಹೆಗಲ ಮೇಲೆ ಕೈ ಬೀಳುತ್ತದೆ. ಕ್ಷಮೆ ಕೇಳುವ ಡೈಲಾಗ್ ಬರೆದಿದ್ದರೆ ಇದರ ಅರ್ಧವೂ ಆಗುತ್ತಿರಲಿಲ್ಲ.

ಎದುರಿನವರು 'ದಿ ಗ್ರೇಟ್ ಇಂಡಿಯನ್ ಕಿಚನ್' ಎತ್ತಿಕೊಂಡು ಬರುತ್ತಾರೆ ಅಂತ ಗೊತ್ತು, ಹೊಸ ಸೊಸೆಯೊಬ್ಬಳು ಅಡುಗೆಮನೆಯಲ್ಲೇ ಸವೆಯುವ ಮಲಯಾಳಂ ಸಿನಿಮಾ. ಬರಲಿ. ಆ ಸಿನಿಮಾ ಶುರುವಾಗುವುದು ಹೇಗೆ? ಹುಡುಗಿ ಕುಣಿಯುತ್ತಿದ್ದಾಳೆ, ಎಣ್ಣೆಯಲ್ಲಿ ತಿಂಡಿ ಬೇಯುತ್ತಿದೆ, ನಮಗೆ ಹಸಿವಾಗುತ್ತಿದೆ. ಮೊದಲು ಹಸಿವಾಗದಿದ್ದರೆ, ಕೊನೆಗೆ ಸೋರುವ ಸಿಂಕಿನ ಆ ಕೊಳಕು ನೀರು ಕಂಡಾಗ ಹೊಟ್ಟೆ ತೊಳೆಸುತ್ತಿತ್ತಾ?

ವಿರೋಧ: ಆ ಟ್ರೇ ತೊಳೆದವರು ಯಾರು?

ಕುಕ್ಕರಿನ ಮುಚ್ಚಳಕ್ಕೆ ಗಾಜಿಲ್ಲ ಅನ್ನುವ ಮಾತು ಚೆನ್ನಾಗಿದೆ, ಒಪ್ಪಿದೆ. ನನ್ನ ತಕರಾರು ಗಾಜಿನ ಮೇಲಲ್ಲ, ಕತ್ತರಿಯ ಮೇಲೆ. ಎಡಿಟಿಂಗ್ ಟೇಬಲ್ಲಿನ ಕತ್ತರಿ. ಅದು ಯಾವಾಗಲೂ ಒಂದೇ ಜಾಗದಲ್ಲಿ ಬೀಳುತ್ತದೆ, ನೋಡಿದ್ದೀರಾ? ಕೇಕ್ ಓವನ್ನಿನಿಂದ ಹೊರಗೆ ಬಂದ ಮೇಲೆ. ಮೊದಲ ತುಂಡು ಬಾಯಿಗೆ ಹೋದ ಮೇಲೆ. ಅಲ್ಲಿಂದಾಚೆ ಏನಿದೆ? ಬೆಣ್ಣೆ ಹತ್ತಿದ ಟಿನ್ನು, ಬೀಟರಿನ ಕಡ್ಡಿಗಳ ಸಂದಿಯಲ್ಲಿ ಒಣಗಿದ ಮೊಟ್ಟೆ, ಜರಡಿ, ಮೂರು ಬಟ್ಟಲು, ಕಟ್ಟೆಯ ಮೇಲೆ ಮೈದಾ. ಮೈದಾಕ್ಕೆ ನೀರು ತಾಗಿದರೆ ಗೋಂದು. ಸ್ಕ್ರಬ್ಬರಿಗೂ ಅದೇ ಅಂಟಿಕೊಳ್ಳುತ್ತದೆ. ಆಮೇಲೆ ಸ್ಕ್ರಬ್ಬರನ್ನು ತೊಳೆಯಬೇಕು.

'ಬಿಗ್ ನೈಟ್' ನನಗೂ ಇಷ್ಟ, ಸುಳ್ಳು ಯಾಕೆ ಹೇಳಲಿ. ಆದರೆ ಆ ಬಾಣಲೆ ಒಲೆಯ ಹತ್ತಿರವೇ ಉಳಿಯಿತು.

ಟೀವಿ ಅಡುಗೆ ಕಾರ್ಯಕ್ರಮಗಳಲ್ಲಿ ಇನ್ನೂ ಮಜಾ. ಹಿಟ್ಟನ್ನು ಓವನ್ನಿಗೆ ಇಡುತ್ತಾರೆ. 'ನಲವತ್ತು ನಿಮಿಷ ಬೇಯಲಿ' ಅನ್ನುತ್ತಾರೆ. ನಲವತ್ತು ಸೆಕೆಂಡಿನಲ್ಲಿ ಇನ್ನೊಂದು ಕೇಕ್ ಮೇಜಿನ ಕೆಳಗಿಂದ ಮೇಲೆ ಬರುತ್ತದೆ. 'ಇದನ್ನು ಮೊದಲೇ ಮಾಡಿಟ್ಟುಕೊಂಡಿದ್ದೇನೆ.' ಮಾಡಿಟ್ಟವರು ಯಾರು? ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ ಪುಟ್ಟ ಪುಟ್ಟ ಬಟ್ಟಲಿನಲ್ಲಿ ಸಾಲಾಗಿ ಕೂತಿರುತ್ತವಲ್ಲ, ಬೆಳ್ಳುಳ್ಳಿ ಸುಲಿದವರ ಉಗುರು ಉರಿಯಲಿಲ್ಲವಾ? ಜಾಹೀರಾತಿನಲ್ಲಂತೂ ಐಸ್ ಕ್ರೀಮ್ ಅಂತ ತೋರಿಸಿದ್ದು ಎಷ್ಟೋ ಸಲ ಬೇಯಿಸಿದ ಆಲೂಗಡ್ಡೆ, ಯಾಕೆಂದರೆ ಅದು ಲೈಟಿಗೆ ಕರಗುವುದಿಲ್ಲ. ತಟ್ಟೆಯ ಹಿಂದೆ ಬಿಸಿ ಮಾಡಿದ ಒದ್ದೆ ಹತ್ತಿ ಇಟ್ಟು ಹಬೆ ತೋರಿಸುತ್ತಾರೆ. ನಮ್ಮನೆಯ ಸಾರಿನಿಂದ ಅಷ್ಟು ಹಬೆ ಬರುವುದಿಲ್ಲ ಅಂತ ನನ್ನ ಮಗಳು ಬೇಜಾರು ಮಾಡಿಕೊಂಡಿದ್ದಳು ಒಮ್ಮೆ.

ನಮ್ಮ ಧಾರಾವಾಹಿಗಳ ಅಡುಗೆಮನೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರೇಷ್ಮೆ ಸೀರೆ ಉಟ್ಟವರು ಅಲ್ಲಿಗೆ ಬರುವುದು ಪಾಯಸಕ್ಕೆ ಉಪ್ಪು ಹಾಕಲು, ಇಲ್ಲವೇ ಬಾಗಿಲ ಮರೆಯಲ್ಲಿ ನಿಂತು ಮಾತು ಕೇಳಲು.

ಈಗ ಆ 'ದಿ ಗ್ರೇಟ್ ಇಂಡಿಯನ್ ಕಿಚನ್'. ಎದುರಿನವರೇ ಹೆಸರು ಹೇಳಿ ನನ್ನ ಕೆಲಸ ಹಗುರ ಮಾಡಿದರು. ಜಿಯೋ ಬೇಬಿ ನಿರ್ದೇಶನ, ನಿಮಿಷಾ ಸಜಯನ್ ಮತ್ತು ಸುರಾಜ್ ವೆಂಜಾರಮೂಡು. 2021ರ ಜನವರಿಯಲ್ಲಿ ಬಂತು. ಬಂದಿದ್ದು ನೀಸ್ಟ್ರೀಮ್ ಅನ್ನುವ ಪುಟ್ಟ ಒಟಿಟಿಯಲ್ಲಿ. ದೊಡ್ಡವರಿಗೆ ಅದು ಮೊದಲು ಬೇಡವಾಗಿತ್ತು. ಸಿಂಕ್ ಒಂದೇ ಕಾರಣ ಅನ್ನುವುದಿಲ್ಲ, ಶಬರಿಮಲೆಯ ವಿಷಯವೂ ಅದರಲ್ಲಿದೆ. ಜನ ನೋಡಿ ಮಾತಾಡಲು ಶುರು ಮಾಡಿದ ಮೇಲೆ ಅದೇ ಸಿನಿಮಾ ಪ್ರೈಮ್‌ಗೆ ಹೋಯಿತು. ಆಮೇಲೆ ತಮಿಳಿಗೂ ಹಿಂದಿಗೂ.

ಮೊದಲ ಹತ್ತು ನಿಮಿಷ ಹಸಿವಾಗುವುದು ನಿಜ. ಆದರೆ ಜಿಯೋ ಬೇಬಿ ಬೇರೆಯವರು ಕತ್ತರಿಸುವ ಜಾಗದಲ್ಲಿ ಕತ್ತರಿಸಲಿಲ್ಲ. ಮಾರನೇ ದಿನವೂ ತೋರಿಸಿದರು. ಅದರ ಮಾರನೇ ದಿನವೂ. ಅದೇ ತೆಂಗಿನಕಾಯಿ, ಅದೇ ಹೆಚ್ಚುವ ಸದ್ದು, ಅದೇ ಗುಡಿಸುವುದು, ಅದೇ ಒರೆಸುವುದು. ಹಿನ್ನೆಲೆ ಸಂಗೀತ ಹೆಚ್ಚುಕಡಿಮೆ ಇಲ್ಲ. ಮಾವನವರಿಗೆ ಕುಕ್ಕರಿನ ಅನ್ನ ಬೇಡ, ಸೌದೆ ಒಲೆಯದ್ದೇ ಆಗಬೇಕು. ಮಿಕ್ಸಿಯ ಚಟ್ನಿ ಬೇಡ, ಕಲ್ಲಿನಲ್ಲಿ ಅರೆದದ್ದು ಬೇಕು. ಅವರು ಯಾವತ್ತೂ ಗದರುವುದಿಲ್ಲ, ನಯವಾಗಿಯೇ ಕೇಳುತ್ತಾರೆ. ಅದಕ್ಕೇ ಮೈ ಉರಿಯುತ್ತದೆ. ಗಂಡಸರು ಮೊದಲು ತಿಂದು, ಅಗಿದ ನುಗ್ಗೆಕಾಯಿಯನ್ನು ಮೇಜಿನ ಮೇಲೆ ಉಗುಳಿ ಏಳುತ್ತಾರೆ. ಹೆಂಗಸರು ಆಮೇಲೆ ಅದೇ ಮೇಜಿನಲ್ಲಿ ಕೂರುತ್ತಾರೆ. ಹೋಟೆಲಿಗೆ ಹೋದಾಗ ಗಂಡ ಮಹಾಶಯ ಶಿಸ್ತಾಗಿ ತಿನ್ನುತ್ತಾನೆ. 'ಇಲ್ಲಿ ಟೇಬಲ್ ಮ್ಯಾನರ್ಸ್ ಗೊತ್ತಲ್ಲ' ಅಂತ ಅವಳು ನಗುತ್ತಾ ಅಂದಿದ್ದಕ್ಕೆ ಅವನು ಕ್ಷಮೆ ಕೇಳಿಸುತ್ತಾನೆ.

ಇನ್ನು ಆ ಸಿಂಕ್. ಪೈಪು ಸೋರುತ್ತದೆ. ಪ್ಲಂಬರಿಗೆ ಹೇಳಿ ಅಂತ ಅವಳು ಹೇಳುತ್ತಾಳೆ, ಅವನು ಮರೆಯುತ್ತಾನೆ. ಮತ್ತೆ ಹೇಳುತ್ತಾಳೆ, ಮತ್ತೆ ಮರೆಯುತ್ತಾನೆ. ಕೆಳಗೆ ಬಕೆಟ್ ಇಟ್ಟು ಹೊತ್ತು ಹೊತ್ತು ಚೆಲ್ಲುತ್ತಾಳೆ. ರಾತ್ರಿ ಮಲಗಿದರೂ ಅವಳ ಮೂಗಿನಲ್ಲಿ ಅದೇ ವಾಸನೆ. ಇದನ್ನು ನೋಡಿದ ರಾತ್ರಿ ನಮ್ಮ ಅತ್ತಿಗೆ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ 'ನಮ್ಮದೂ ಆರು ತಿಂಗಳಿಂದ ಸೋರುತ್ತಿದೆ' ಅಂದರು. ಅಣ್ಣ ಟೀವಿ ಕಡೆಯೇ ನೋಡುತ್ತಾ ಕೂತಿದ್ದ. ಕ್ರೆಡಿಟ್ಸ್ ಓಡುತ್ತಿತ್ತು. ಮಲಯಾಳಂ ಅಕ್ಷರ. ಅವನಿಗೆ ಒಂದಕ್ಷರವೂ ಓದಲು ಬರುವುದಿಲ್ಲ.

ಉಪ್ಪಿಟ್ಟು ಮಾಡಿದ ಭಾವನವರಿಗೆ ಅಭಿನಂದನೆ. ಆದರೆ ಚೆಂದದ ಅಡುಗೆಮನೆ ನೋಡಿ ಒಲೆಯ ಹತ್ತಿರ ಬಂದ ಗಂಡಸರು ಚೆಂದದ ಭಾಗಕ್ಕೆ ಮಾತ್ರ ಬರುತ್ತಾರೆ ಅನ್ನುವುದು ನನ್ನ ಅನುಭವ. ಭಾನುವಾರದ ಬಿರಿಯಾನಿ ಇವರದ್ದು. ಸೋಮವಾರದ ಆರು ಗಂಟೆಯ ಡಬ್ಬಿ ಯಾರದ್ದು ಅಂತ ನೀವೇ ಹೇಳಿ. ತೆರೆ ಕಲಿಸಿದ್ದೇ ಅಷ್ಟು: ಅಡುಗೆ ಅಂದರೆ ಒಗ್ಗರಣೆಯಿಂದ ಮೊದಲ ತುತ್ತಿನವರೆಗೆ.

ಹೋದ ತಿಂಗಳು ನಮ್ಮ ಮಗ ವಿಡಿಯೊ ನೋಡಿ ಬ್ರೌನಿ ಮಾಡಿದ. ಚೆನ್ನಾಗಿತ್ತು, ನಿಜವಾಗಲೂ. ಕಿಟಕಿಯ ಬೆಳಕಿಗೆ ತಟ್ಟೆ ಹಿಡಿದು ಹನ್ನೊಂದು ಫೋಟೊ ತೆಗೆದ. ಟ್ರೇ ಎಲ್ಲಪ್ಪಾ ಅಂತ ಕೇಳಿದೆ. 'ಸಿಂಕಲ್ಲಿ ನೆನೆಸಿಟ್ಟಿದ್ದೀನಮ್ಮ, ನೆಂದರೆ ಸುಲಭ ಅಲ್ವಾ' ಅಂದ. ಮಾರನೇ ಬೆಳಿಗ್ಗೆ ಇಡ್ಲಿ ತಟ್ಟೆ ತೊಳೆಯಲು ಹೋದಾಗಲೂ ಅದು ನೆನೆಯುತ್ತಲೇ ಇತ್ತು.