ಅನುಸ್ವಾರ ನುಂಗಿದ ಕೀಬೋರ್ಡು

ಹೋದ ತಿಂಗಳು ನಾನು ಅಂಗಡೀಲಿ ಇರ್ಲಿಲ್ಲ, ಹೆಂಡ್ತಿ ಕಡೆಯವರ ನಾಮಕರಣ ಅಂತ ಗುಬ್ಬಿಗೆ ಹೋಗಿದ್ದೆ. ಊಟಕ್ಕೆ ಎಲೆ ಹಾಕಿದಾರೆ, ಅಷ್ಟೊತ್ತಿಗೆ ಸರಿಯಾಗಿ ಅಂಗಡಿ ಹುಡುಗಿ ಫೋನು. "ಅಣ್ಣಾ, ನಿಮ್ಮ ಸಿಸ್ಟಮ್ಮಿಗೆ ಏನೋ ದೆವ್ವ ಹಿಡ್ಕೊಂಡಿದೆ, ಗಂಗಮ್ಮ ಅಂತ ಹೊಡದ್ರೆ ಗಗಮ್ಮ ಅಂತ ಬರ್ತಿದೆ, ಅಳಿಸೋಣ ಅಂತ ಬ್ಯಾಕ್‌ಸ್ಪೇಸ್ ಒತ್ತಿದ್ರೆ ಮೊದಲನೇ ಸಲ ಏನೂ ಅಳಿಸಲ್ಲ, ಎರಡನೇ ಸಲಕ್ಕೆ ಅಳಿಸತ್ತೆ." ಅವಳು ಪೇಪರ್ ನೋಡ್ಕೊಂಡು ಟೈಪ್ ಮಾಡೋಳು, ಸ್ಕ್ರೀನ್ ನೋಡೋದು ಎರಡು ಮೂರು ಸಾಲಿಗೆ ಒಂದ್ಸಲ. ನೋಡೋ ಹೊತ್ತಿಗೆ ಒಂದಿಡೀ ಮದುವೆ ಕಾರ್ಡಿನ ಮ್ಯಾಟರಲ್ಲಿ ಒಂದು ಅನುಸ್ವಾರನೂ ಇಲ್ಲ. ಕಂಕಣ ಇಲ್ಲ, ಮಂಟಪ ಇಲ್ಲ, ಬಂಧು ಬಾಂಧವರು ಇಲ್ಲ.

ದೆವ್ವ ಯಾವ್ದೂ ಅಲ್ಲ ಸ್ವಾಮಿ, ನಾನೇ.

ಸ್ವಲ್ಪ ಹಿಂದಿಂದ ಹೇಳ್ತೀನಿ. ತಿಪಟೂರಲ್ಲಿ ಡಿಟಿಪಿ ಅಂಗಡಿ ಇಟ್ಟು ಹದಿನೇಳು ವರ್ಷ ಆಯ್ತು, ಲಗ್ನಪತ್ರಿಕೆ, ಕರಪತ್ರ, ಅಫಿಡವಿಟ್, ತಿಥಿ ಕಾರ್ಡು ಇದೇ ನಮ್ಮ ಕೆಲಸ. ಕೈ ಕೂತಿರೋದು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಮೇಲೆ. ಹೋದ ವರ್ಷ ಅಂಗಡಿ ಕಂಪ್ಯೂಟರ್‌ಗಳಲ್ಲಿದ್ದ ಓಎಸ್‌ಗೆ, ಅಂದ್ರೆ ಕಂಪ್ಯೂಟರ್ ನಡೆಸೋ ಮೂಲ ಸಾಫ್ಟ್‌ವೇರಿಗೆ, ಇನ್ಮೇಲೆ ಅಪ್‌ಡೇಟ್ ಬರಲ್ಲ ಅಂತಾಯ್ತು, ಹೊಸದು ಹಾಕೋಣ ಅಂದ್ರೆ ಈ ಹಳೇ ಡಬ್ಬಗಳಿಗೆ ಅದು ಕೂರಲ್ಲ. ಅಕ್ಕನ ಮಗ ಇಂಜಿನಿಯರಿಂಗ್ ಓದ್ತಿದಾನೆ, ಬಂದು "ಮಾಮ, ಸುಮ್ನೆ ಯಾಕೆ ದುಡ್ಡು ಸುರೀತೀಯ" ಅಂತ ಎರಡಕ್ಕೂ ಲಿನಕ್ಸ್ ಮಿಂಟ್ ಅನ್ನೋ ಪುಕ್ಕಟೆ ಓಎಸ್ ಹಾಕಿ ಹೋದ. ಚಿತ್ರ, ಡಿಸೈನ್ ಮಾಡೋ ಇಂಕ್‌ಸ್ಕೇಪ್, ಪತ್ರ ಬರೆಯೋ ಲಿಬ್ರೆ ಆಫೀಸ್ ಎಲ್ಲಾ ಸರಿ, ಕಲ್ತ್ಕೊಂಡೆ. ನುಡಿ ಮಾತ್ರ ಇಲ್ಲ. ಹಳೇ ನುಡಿ ಫೈಲುಗಳದ್ದು ಇನ್ನೊಂದು ದೊಡ್ಡ ಗೋಳು, ಹಳೇ ಕಾಲದ ಆಸ್ಕಿ ಫಾಂಟಲ್ಲಿ ಹೊಡೆದಿದ್ದೆಲ್ಲಾ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಇರೋ ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಕೊಂಡು ಕೂತಿದೀನಿ, ಅದು ಬೇರೆ ದಿನ ಬರೀತೀನಿ.

ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಲೇಔಟ್ (ಯಾವ ಕೀಗೆ ಯಾವ ಅಕ್ಷರ ಅನ್ನೋ ಜೋಡಣೆ) ಲಿಸ್ಟ್ ತೆಗೆದ್ರೆ ಕನ್ನಡಕ್ಕೆ ಎರಡು ಇದಾವೆ. ಒಂದು ಬರೀ ಕನ್ನಡ ಅಂತ ಇರೋದು, ಅದು ಇನ್‌ಸ್ಕ್ರಿಪ್ಟ್, ಕೇಂದ್ರ ಸರ್ಕಾರದ್ದು, 1986ರ ಸುಮಾರಿಗೆ ಭಾರತದ ಎಲ್ಲಾ ಭಾಷೆಗೂ ಒಂದೇ ಥರ ಇರ್ಲಿ ಅಂತ ಮಾಡಿದ್ದು. ಅದನ್ನ ಗೊತ್ತಿಲ್ದೆ ಹಾಕ್ಕೊಂಡು ಕೂತೆ. ನುಡಿಯಲ್ಲಿ ಕನ್ನಡ ಅಂತ ಹೊಡೀಬೇಕಂದ್ರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಇಲ್ಲಿ ಕೆ, ವಿ, ಡಿ, ವಿ, ಆಮೇಲೆ ಚೌಕ ಬ್ರಾಕೆಟ್ಟು! ಹದಿನೇಳು ವರ್ಷದ ಕೈ ಒಂದು ನಿಮಿಷಕ್ಕೆ ಒಂದನೇ ಕ್ಲಾಸಿಗೆ ಬಂದ್ಬಿಡ್ತು. ಇನ್‌ಸ್ಕ್ರಿಪ್ಟ್ ಕೆಟ್ಟದು ಅಂತಲ್ಲ, ಸ್ವರ ಎಲ್ಲಾ ಎಡಗೈಗೆ, ವ್ಯಂಜನ ಹೆಚ್ಚಿನವು ಬಲಗೈಗೆ ಅಂತ ಲೆಕ್ಕ ಹಾಕಿ ಇಟ್ಟಿದಾರೆ, ಹೊಸದಾಗಿ ಕಲಿಯೋರು ಕಲೀಲಿ. ನನಗೆ ಆ ವಯಸ್ಸು ದಾಟಿದೆ.

ಎರಡನೇದರ ಹೆಸರು ಕಗಪ. ಇದೇನಪ್ಪಾ ಕಗಪ ಅಂತ ನೋಡಿದ್ರೆ ನಮ್ಮ ಕನ್ನಡ ಗಣಕ ಪರಿಷತ್ತು! ಕೆ.ಪಿ. ರಾವ್ ಅವರು ರೂಪಿಸಿದ ಲೇಔಟು, ರಾಜ್ಯ ಸರ್ಕಾರ ಅದನ್ನೇ ಸ್ಟಾಂಡರ್ಡ್ ಅಂತ ಒಪ್ಕೊಂಡು, ನುಡಿಯಲ್ಲಿ ಬಂದು, ನಮ್ಮ ಬೆರಳಿಗೆ ಅಂಟಿದ್ದು ಅದೇ. ಲಿಸ್ಟಲ್ಲಿ ಇನ್ನೂ ಕೆಳಗೆ ಮೇಲೆ ನೋಡಿದ್ರೆ ಹಿಂದಿ ಕಗಪ, ಸಂಸ್ಕೃತ ಕಗಪ, ಮರಾಠಿ ಕಗಪ, ತೆಲುಗು ಕಗಪ. ಅಂದ್ರೆ ನಮ್ಮ ಪರಿಷತ್ತಿನ ಹೆಸರಲ್ಲೇ ಬೇರೆಯವರೂ ಹಿಂದಿ ಮರಾಠಿ ಹೊಡೀಬಹುದು. ಹಿಂದಿ ಹೇರಿಕೆ ಬಗ್ಗೆ ದಿನಾ ಪೋಸ್ಟ್ ಹಾಕೋ ಗೆಳೆಯರಿಗೆ ಇದನ್ನ ಹೇಳಿದೆ, ಯಾರೂ ನಂಬಲಿಲ್ಲ, ಸ್ಕ್ರೀನ್‌ಶಾಟ್ ಕಳಿಸಬೇಕಾಯ್ತು.

ಆ ಲೇಔಟಿನ ಚಂದ ನೋಡಿ ನೀವು. ಇರೋದು ಇಪ್ಪತ್ತಾರು ಇಂಗ್ಲಿಷ್ ಅಕ್ಷರ, ಶಿಫ್ಟ್ ಸೇರಿದ್ರೆ ಐವತ್ತೆರಡು, ಅಷ್ಟರಲ್ಲೇ ಕನ್ನಡ ಮುಗಿಸಿದಾರೆ. ಟಿ ಕೀ ತ ಥಕ್ಕೆ ಹೋಯ್ತು, ಹಾಗಾಗಿ ಟ ಠ ಹೋಗಿ ಕ್ಯೂ ಮೇಲೆ ಕೂತ್ಕೊಂಡ್ವು. ಡಿ ಕೀ ದ ಧಕ್ಕೆ, ಡ ಢ ಡಬ್ಲ್ಯೂಗೆ. ಫ ಅನ್ನೋದು ಶಿಫ್ಟ್ ಪಿ ಮೇಲಿದೆ, ಆವಾಗ ಎಫ್ ಖಾಲಿ ಆಯ್ತಲ್ಲ, ಅದೂ ತೋರುಬೆರಳ ಕೆಳಗೆ ಇರೋ ಒಳ್ಳೇ ಸೈಟು, ಅಲ್ಲಿ ಒತ್ತಕ್ಷರದ ಕೊಂಡಿ ಇಟ್ರು. ಕನ್ನಡದಲ್ಲಿ ಒತ್ತಕ್ಷರ ಎಷ್ಟು ಬರತ್ತೆ ಅಂತ ಕೈಗೆ ಗೊತ್ತಿರೋರು ಮಾತ್ರ ಇಂಥ ಕೆಲಸ ಮಾಡಕ್ಕಾಗೋದು.

ಆದ್ರೆ ಮಿಂಟ್‌ನ ಕಗಪ ಪೂರ್ತಿ ನುಡಿ ಅಲ್ಲ. ಈ ಲೇಔಟೆಲ್ಲಾ ನಡೆಸೋದು ಎಕ್ಸ್‌ಕೆಬಿ ಅಂತ ಒಂದು ವ್ಯವಸ್ಥೆ, ಅದಕ್ಕೆ ನೆನಪಿನ ಶಕ್ತಿ ಇಲ್ಲ. ನುಡಿಯಲ್ಲಿ ಐ ಒತ್ತಿದ್ರೆ ಹಿಂದೆ ವ್ಯಂಜನ ಇದೆಯಾ ನೋಡಿ ಗುಡಿಸು ಕೊಡತ್ತೆ, ಇಲ್ಲಾಂದ್ರೆ ಇ ಕೊಡತ್ತೆ. ಎಕ್ಸ್‌ಕೆಬಿಗೆ ಹಿಂದೆ ಏನಿತ್ತು ಅಂತ ಗೊತ್ತೇ ಇರಲ್ಲ, ಒಂದು ಕೀ ಅಂದ್ರೆ ಒಂದು ಅಕ್ಷರ ಅಷ್ಟೇ. ಅದಕ್ಕೆ ಪದದ ಶುರುವಲ್ಲಿ ಸ್ವರ ಬೇಕಂದ್ರೆ ಬಲಗಡೆ ಆಲ್ಟ್ ಹಿಡ್ಕೊಂಡು ಒತ್ತಬೇಕು. ನನಗೆ ಹತ್ತು ದಿನಕ್ಕೆ ಅಭ್ಯಾಸ ಆಯ್ತು. ಹುಡುಗಿಗೆ ಆಗ್ಲಿಲ್ಲ, ಅವಳ ಮಷಿನ್‌ಗೆ ಐಬಸ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಹಾಕಿ ಅದರೊಳಗೆ ಎಂ17ಎನ್ ಅನ್ನೋ ಲೇಔಟ್ ಸಂಗ್ರಹದ ಕೆಜಿಪಿ (ಅದೇ ಕಗಪ) ಹಾಕ್ಕೊಟ್ಟೆ, ಅದು ಹಿಂದಿನ ಅಕ್ಷರ ನೋಡ್ಕೊಂಡೇ ಕೆಲಸ ಮಾಡತ್ತೆ, ಹಾಗಾಗಿ ನುಡಿ ಥರಾನೇ. ನಾನು ಮಾತ್ರ ಎಕ್ಸ್‌ಕೆಬಿ ಬಿಡಲಿಲ್ಲ, ನಡುವೆ ಇನ್ನೊಂದು ಸಾಫ್ಟ್‌ವೇರ್ ಬೇಡ ಅಂತ ಒಂದು ಹಠ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಈ ಲೇಔಟ್ ಅನ್ನೋದು ಒಂದು ಮಾಮೂಲಿ ಟೆಕ್ಸ್ಟ್ ಫೈಲು ಕಣ್ರೀ. ನೋಟ್‌ಪ್ಯಾಡ್ ಥರದ್ದರಲ್ಲಿ ತೆಗೆದು ಓದಬಹುದು! ಇಷ್ಟು ವರ್ಷ ಇದೇನೋ ಯಂತ್ರದ ಹೊಟ್ಟೆ ಒಳಗಿನ ರಹಸ್ಯ ಅನ್ಕೊಂಡಿದ್ದೆ. ಭಾರತದ ಅಷ್ಟೂ ಭಾಷೆ ಒಂದೇ ಫೈಲಲ್ಲಿ ಸಾಲಾಗಿ ಇದಾವೆ, ಕನ್ನಡದ ಭಾಗ ಹುಡುಕಿದ್ರೆ ಒಂದೊಂದು ಸಾಲಿಗೆ ಒಂದೊಂದು ಕೀ. ಅಕ್ಷರದ ಹೆಸರಲ್ಲ, ಜಾಗದ ಹೆಸರು, ಅಂದ್ರೆ ಕ್ಯೂ ಇರೋ ಜಾಗ ಎಡಿ01, ಎ ಇರೋ ಜಾಗ ಎಸಿ01, ಜ಼ೆಡ್ ಇರೋ ಜಾಗ ಎಬಿ01, ಒಂಥರಾ ಸಿನಿಮಾ ಟಾಕೀಸಿನ ಸೀಟ್ ನಂಬರ್. ಅದರ ಮುಂದೆ ಕೋಡುಗಳು: ಸುಮ್ನೆ ಒತ್ತಿದ್ರೆ ಯಾವುದು, ಶಿಫ್ಟ್ ಜೊತೆ ಯಾವುದು, ಬಲ ಆಲ್ಟ್ ಜೊತೆ ಯಾವುದು, ಎರಡೂ ಹಿಡಿದ್ರೆ ಯಾವುದು. ಟ ಬೇಕಂದ್ರೆ 0ಸಿ9ಎಫ್, ಅನುಸ್ವಾರ ಬೇಕಂದ್ರೆ 0ಸಿ82. ಅಷ್ಟೇ ಸ್ವಾಮಿ. ಒಂದು ಕೀಗೆ ನಾಲ್ಕು ಮನೆ, ಎಷ್ಟೋ ಕೀಗಳಲ್ಲಿ ಎರಡು ಮನೆ ಖಾಲಿ.

ಇದು ಗೊತ್ತಾದ ದಿನ ನಂಗೆ ನಿದ್ದೆ ಬರಲಿಲ್ಲ. ಮಂಗನ ಕೈಗೆ ಮಾಣಿಕ್ಯ.

ಮೊದಲು ಮಾಡಿದ ತಪ್ಪು, ಸಿಸ್ಟಮ್ಮಿನ ಮೂಲ ಫೈಲಿಗೇ ಕೈ ಹಾಕಿದೆ. ಒಂದು ಸೆಮಿಕೋಲನ್ ಬಿಟ್ಟೆ, ಕನ್ನಡಾನೇ ಬರ್ಲಿಲ್ಲ, ಅವತ್ತು ಒಂದು ಅಫಿಡವಿಟ್ ಮೊಬೈಲಲ್ಲಿ ಟೈಪ್ ಮಾಡಿ ಕಾಪಿ ಮಾಡ್ಕೊಂಡೆ. ಸರಿ ಮಾಡ್ದೆ, ಎರಡು ವಾರ ಚೆನ್ನಾಗಿತ್ತು, ಒಂದಿನ ಅಪ್‌ಡೇಟ್ ಬಂತು, ಹೊಸ ಫೈಲು ಹಳೇದರ ಮೇಲೆ ಕೂತು ನಾನು ಬರೆದಿದ್ದೆಲ್ಲಾ ಮಾಯ. ಅಕ್ಕನ ಮಗ ಫೋನಲ್ಲಿ ನಕ್ಕೂ ನಕ್ಕೂ "ಮಾಮ, ಬಾಡಿಗೆ ಮನೆ ಗೋಡೆಗೆ ಮೊಳೆ ಹೊಡೆದಂಗೆ ಅದು, ನಿನ್ನ ಫೋಲ್ಡರಲ್ಲಿ ಒಂದು ಕಾಪಿ ಇಟ್ಕೋ" ಅಂದ. ಈಗ ನನ್ನ ಹೋಮ್ ಫೋಲ್ಡರಲ್ಲಿ ನನ್ನದೇ ಒಂದು ಲೇಔಟಿದೆ, ಲಾಗಿನ್ ಆದಾಗ ಒಂದು ಕಮ್ಯಾಂಡ್ ಓಡಿ ಅದನ್ನ ಎತ್ಕೊಳ್ಳತ್ತೆ. ವೇಲ್ಯಾಂಡ್ (ಸ್ಕ್ರೀನ್ ಮೇಲೆ ಕಿಟಕಿ ತೋರ್ಸೋ ವ್ಯವಸ್ಥೆ) ಇರೋ ಹೊಸ ಸಿಸ್ಟಮ್‌ಗಳಲ್ಲಿ ಆ ಕಮ್ಯಾಂಡೂ ಬೇಡ, ಹೋಮ್ ಒಳಗಿನ ಕಾನ್ಫಿಗ್ ಫೋಲ್ಡರಲ್ಲಿ ಇಟ್ರೆ ತಾನೇ ನೋಡ್ಕೊಳ್ಳತ್ತಂತೆ.

ಎಷ್ಟೋ ಬದಲಾವಣೆಗೆ ಫೈಲ್ ಮುಟ್ಟೋದೇ ಬೇಕಾಗಿಲ್ಲ ಅಂತ ಆಮೇಲೆ ಗೊತ್ತಾಯ್ತು, ಅದೇ ಸೆಟ್ಟಿಂಗ್ಸಲ್ಲಿ ಆಪ್ಷನ್ಸ್ ಅಂತ ಒಂದು ಬಟನ್ ಇದೆ, ಒತ್ತಿ ನೋಡಿ, ದೊಡ್ಡ ಸಂತೆ. ಕ್ಯಾಪ್ಸ್ ಲಾಕ್‌ನ ಕಂಟ್ರೋಲ್ ಕೀ ಆಗಿ ಮಾಡ್ಕೋಬಹುದು. 4ರ ಮೇಲೆ ರೂಪಾಯಿ ಚಿಹ್ನೆ ಅಂತ ಒಂದು ಟಿಕ್ಕು, ಹಾಕಿದ್ರೆ ಬಲ ಆಲ್ಟ್ ಹಿಡಿದು 4 ಒತ್ತಿದ್ರೆ ₹ ಬರತ್ತೆ. ಆ ಚಿಹ್ನೆ ಬಂದಿದ್ದು 2010ರಲ್ಲಿ, ನಾನು ಮೊನ್ನೆ ಮೊನ್ನೆವರೆಗೂ ರೂ. ಅಂತಾನೇ ಹೊಡೀತಿದ್ದೆ. ಇನ್ನೊಂದು, ನುಡಿಯಲ್ಲಿ ಇಂಗ್ಲಿಷು ಕನ್ನಡ ಬದಲಾಯಿಸ್ತಿದ್ದಿದ್ದು ಸ್ಕ್ರಾಲ್ ಲಾಕಲ್ಲಿ ಅಲ್ವಾ, ಅದೂ ಇದೆ ಇಲ್ಲಿ! ಭಾಷೆ ಬದಲಿಸೋಕೆ ಸ್ಕ್ರಾಲ್ ಲಾಕ್ ಅಂತ ಟಿಕ್ಕು, ಕನ್ನಡದಲ್ಲಿದ್ದಾಗ ಸ್ಕ್ರಾಲ್ ಲಾಕಿನ ಲೈಟ್ ಉರಿಯೋಕೆ ಇನ್ನೊಂದು ಟಿಕ್ಕು. ಹಾಕಿದ ಕೂಡ್ಲೆ ಹಸಿರು ದೀಪ ಹತ್ಕೊಳ್ತು ನೋಡಿ, ಹಳೇ ಗೆಳೆಯ ಸಿಕ್ಕಂಗಾಯ್ತು.

ಕಾಣದ ಅಕ್ಷರದ ಕತೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಎಲ್ಲಾ ಅನಾಹುತ ಆಗಿದ್ದು ಅದರಿಂದ. ಸಾಫ್ಟ್‌ವೇರ್ ಅಂತ ಬರೀಬೇಕಂದ್ರೆ ಟ್ ಆದ್ಮೇಲೆ ವ ಒತ್ತಾಗಿ ಕೆಳಗೆ ಇಳಿದ್ಬಿಡತ್ತೆ, ಇಳೀಬಾರದು ಅಂದ್ರೆ ನಡುವೆ ಅಗಲ ಇಲ್ಲದ ಒಂದು ಅಕ್ಷರ ಹಾಕ್ಬೇಕು, ಯೂನಿಕೋಡಲ್ಲಿ 200ಸಿ. ಫೇಸ್‌ಬುಕ್, ರಾಜ್‌ಕುಮಾರ್ ಎಲ್ಲದರಲ್ಲೂ ಇದು ಇರತ್ತೆ, ಕಣ್ಣಿಗೆ ಕಾಣಲ್ಲ. ಅಣ್ಣ ತಮ್ಮ ಥರ ಇನ್ನೊಂದಿದೆ, 200ಡಿ, ರ‍್ಯಾಲಿ ಅಂತ ಬರೆಯೋವಾಗ ರ ಮೇಲೆ ನಿಂತು ಯ ಕೆಳಗೆ ಬರಬೇಕಲ್ಲ, ಅರ್ಕಾವತ್ತು ಆಗ್ಬಾರದಲ್ಲ, ಅಲ್ಲಿ ಬೇಕು. ಕಾರ್ಡಲ್ಲಿ ಹೆಸರುಗಳೇ ಜಾಸ್ತಿ ಇರೋ ನಮ್ಮಂಥೋರಿಗೆ ಇದು ದಿನಕ್ಕೆ ನೂರು ಸಲ ಬೇಕು. ಆಪ್ಷನ್ಸ್ ಸಂತೇಲಿ ಇದಕ್ಕೂ ಟಿಕ್ಕಿದೆ, ಶಿಫ್ಟ್ ಸ್ಪೇಸ್ ಒತ್ತಿದ್ರೆ 200ಸಿ. ಹಾಕಿ ಎರಡು ದಿನಕ್ಕೆ ತೆಗೆದೆ, ಯಾಕಂದ್ರೆ ನಮ್ಮ ಲೇಔಟಲ್ಲಿ ದೀರ್ಘ, ಅನುಸ್ವಾರ, ಣ, ಳ ಎಲ್ಲಾ ಶಿಫ್ಟಲ್ಲೇ, ಪದ ಮುಗಿಯೋ ಹೊತ್ತಿಗೆ ಬೆರಳು ಇನ್ನೂ ಶಿಫ್ಟ್ ಮೇಲೇ ಇರತ್ತೆ, ಸ್ಪೇಸ್ ಬದಲು ಕಾಣದ್ದು ಬಿದ್ದು ಎರಡು ಪದ ಅಂಟ್ಕೊಳ್ಳೋದು.

ಆವಾಗ ತಲೆ ಓಡಿಸಿದೆ. ಅನುಸ್ವಾರಕ್ಕೆ ಪ್ರತಿ ಸಲ ಶಿಫ್ಟ್ ಹಿಡೀಬೇಕಲ್ಲ, ಎಡಗೈ ಕಿರುಬೆರಳು ಸಂಜೆ ಹೊತ್ತಿಗೆ ನೋಯತ್ತೆ. ಸೆಮಿಕೋಲನ್ ಕನ್ನಡದಲ್ಲಿ ಯಾರಿಗೆ ಬೇಕು, ಆ ಜಾಗಕ್ಕೆ ಅನುಸ್ವಾರ ತಂದಿಟ್ಟೆ. ಶಿಫ್ಟ್ ಎಂ ಖಾಲಿ ಆಯ್ತು, ಅಲ್ಲಿ ಕಾಣದ 200ಸಿ ಇಟ್ಟೆ. ಒಂದೇ ವಾರಕ್ಕೆ ಕೈ ಕೂತು ಏನು ಸ್ಪೀಡು ಅಂತೀರಾ, ನಾನೇ ಕೆ.ಪಿ. ರಾವ್ ಅನ್ನೋ ಲೆಕ್ಕಕ್ಕೆ ಮೀಸೆ ತಿರುವಿದ್ದೆ. ಹುಡುಗಿ ನನ್ನ ಮಷಿನ್ ಮುಂದೆ ಕೂತಳು, ಗಂಗಮ್ಮ ಗಗಮ್ಮ ಆದ್ಲು. ಬ್ಯಾಕ್‌ಸ್ಪೇಸ್ ಮೊದಲನೇ ಸಲ ಅಳಿಸ್ತಿದ್ದಿದ್ದು ಆ ಕಾಣದ ಅಕ್ಷರಾನ.

ಅದು ಬಿಡಿ, ಅವಳಿಗೆ ಆಗಿದ್ದು ಅರ್ಧ ದಿನದ ಕಷ್ಟ. ನನ್ನ ಕತೆ ಕೇಳಿ. ಅದೇ ವಾರ ಪ್ರೆಸ್ ಇಟ್ಕೊಂಡಿರೋ ಸ್ನೇಹಿತರ ಅಂಗಡೀಲಿ ಒಂದು ತಿದ್ದುಪಡಿ ಮಾಡೋಣ ಅಂತ ಕೂತ್ರೆ ಎಲ್ಲಾ ಕಡೆ ಸೆಮಿಕೋಲನ್ನು, ಗ;ಗಮ್ಮ, ಮ;ಟಪ! ಅವರು "ಏನ್ರೀ, ಟೈಪಿಂಗ್ ಮರ್ತೋಯ್ತಾ" ಅಂದ್ರು. ಹದಿನೇಳು ವರ್ಷ ಯಾವ ಊರಿಗೆ ಹೋದ್ರೂ, ಯಾವ ಅಂಗಡೀಲಿ ಕೂತ್ರೂ ನಡೀತಿದ್ದ ಕೈನ ನಾನೇ ಕುಂಟು ಮಾಡ್ಕೊಂಡಿದ್ದೆ. ಅದಕ್ಕೇ ಹೇಳೋದು, ಲಿನಕ್ಸಲ್ಲಿ ಕೀಬೋರ್ಡ್ ಹೆಂಗ್ ಬೇಕೋ ಹಂಗೆ ಮಾಡ್ಕೊಳ್ಳಿ, ಮಾಡ್ಕೊಳ್ಳೋಕೆ ಬಿಟ್ಟಿರೋದೇ ಅದರ ದೊಡ್ಡಗುಣ, ಆದ್ರೆ ಖಾಲಿ ಮನೇಲಿ ಹೊಸಬರನ್ನ ಕೂರಿಸಿ, ಇರೋರನ್ನ ಎಬ್ಬಿಸ್ಬೇಡಿ. ಅಡುಗೆಮನೇಲಿ ಹೊಸ ಡಬ್ಬಿ ಇಟ್ರೆ ಹೆಂಡ್ತಿ ಏನೂ ಅನ್ನಲ್ಲ, ಉಪ್ಪಿನ ಡಬ್ಬಿಗೆ ಸಕ್ಕರೆ ಹಾಕಿಟ್ಟು ನೋಡಿ. ಕೆಲವ್ರು ಕಗಪ ಸರಿ ಇಲ್ಲ, ವೈಜ್ಞಾನಿಕ ಅಲ್ಲ, ನಾನೊಂದು ಹೊಸ ಲೇಔಟ್ ಮಾಡ್ತೀನಿ ಅಂತ ಹೊರಡ್ತಾರೆ, ಇರಬಹುದು, ಡ್ವೊರಾಕ್ ಅನ್ನೋರು 1936ರಲ್ಲೇ ಇಂಗ್ಲಿಷಿಗೆ ಹೊಸ ಲೇಔಟಿಗೆ ಪೇಟೆಂಟ್ ತಗೊಂಡ್ರು, ಆದ್ರೂ ಇವತ್ತಿಗೂ ಅಂಗಡೀಲಿ ಕೀಬೋರ್ಡ್ ಕೇಳಿದ್ರೆ ಕೊಡೋದು ಕ್ಯೂ ಡಬ್ಲ್ಯೂ ಇ ಆರ್ ಟಿ ವೈ ಅಂತ ಶುರುವಾಗೋ ಹಳೇ ಕ್ವರ್ಟಿನೇ. ನಾಲ್ಕು ಜನರ ಕೈ ಒಂದೇ ಥರ ಓಡ್ತಿದೆ ಅಂದ್ರೆ ಅದೇನು ಸಣ್ಣ ಆಸ್ತಿ ಅಲ್ಲ. ಇದಕ್ಕೆ ಬೈಯ್ಯೋರು ಬೈಕೊಳ್ಳಿ.

ಈಗ ಅನುಸ್ವಾರ ವಾಪಸ್ ಶಿಫ್ಟ್ ಎಂ ಮನೆಗೆ ಹೋಗಿದೆ. 200ಸಿ ಅದೇ ಕೀನ ಬಲ ಆಲ್ಟ್ ಮನೇಲಿ. ಅಂಕಿಗಳಲ್ಲಿ ಸುಮ್ನೆ ಒತ್ತಿದ್ರೆ 1, ಬಲ ಆಲ್ಟ್ ಜೊತೆ ೧, ಬಿಲ್ಲಿಗೆ ಅದು ಲಗ್ನಪತ್ರಿಕೆಗೆ ಇದು. ಇಡೀ ಪದಗಳಿಗೆ ಕಂಪೋಸ್ ಕೀ ಅಂತ ಬೇರೆ ಸೌಲಭ್ಯ ಇದೆ, ಅದಕ್ಕೂ ನಮ್ಮ ಹೋಮ್ ಫೋಲ್ಡರಲ್ಲೇ ಒಂದು ಟೆಕ್ಸ್ಟ್ ಫೈಲು, ಎರಡು ಕೀ ಒತ್ತಿದ್ರೆ ಚಿ॥ ರಾ॥ ಅಂತಾನೋ ॥ ಶ್ರೀ ॥ ಅಂತಾನೋ ಪೂರ್ತಿ ಬಂದು ಕೂರತ್ತೆ. ಅದರಲ್ಲೂ ಒಂದಿನ ಹಾಳು ಮಾಡ್ಕೊಂಡೆ, ಫೈಲಲ್ಲಿ ಇಂಗ್ಲಿಷ್ ಎಸ್ ಅಂತ ಬರೆದಿದ್ದೆ, ಕನ್ನಡ ಲೇಔಟಲ್ಲಿ ಇರೋವಾಗ ಆ ಕೀ ಕಂಪ್ಯೂಟರಿಗೆ ಎಸ್ ಅಲ್ವೇ ಅಲ್ಲ, ಸ! ಸ ಅಂತಾನೇ ಬರೆದ ಮೇಲೆ ಸರಿಹೋಯ್ತು. ಹುಡುಗಿ ಅದನ್ನ ನೋಡಿ "ಅಣ್ಣಾ ಅದೊಂದು ನಂಗೂ ಹಾಕ್ಕೊಡಿ" ಅಂದ್ಲು, ಪೆನ್‌ಡ್ರೈವಲ್ಲಿ ಫೈಲ್ ಕೊಟ್ಟೆ, ಮಾರನೇ ದಿನ ನೋಡ್ತೀನಿ, "ತಮ್ಮ ಆಗಮನಾಭಿಲಾಷಿಗಳು" ಅನ್ನೋ ಸಾಲನ್ನ ಅವಳೇ ಸೇರಿಸ್ಕೊಂಡಿದಾಳೆ.

ಒಂದೇ ಒಂದು ತಲೆನೋವು ಉಳ್ಕೊಂಡಿದೆ. ನನ್ನ ಹಳೇ ಕೀಬೋರ್ಡಲ್ಲಿ ಸ್ಪೇಸ್ ಬಾರ್ ಸಾಯ್ತಾ ಇದೆ, ಇಲ್ಲಿ ಸಿಗೋ ಹೊಸ ಕೀಬೋರ್ಡುಗಳಲ್ಲಿ ಸ್ಕ್ರಾಲ್ ಲಾಕ್ ಇದ್ರೆ ಲೈಟ್ ಇಲ್ಲ, ಎಷ್ಟೋದ್ರಲ್ಲಿ ಸ್ಕ್ರಾಲ್ ಲಾಕೇ ಇಲ್ಲ. ಮುಂದಿನ ಗುರುವಾರ ಬೆಂಗಳೂರಿಗೆ ಬರ್ತಿದೀನಿ, ಎಸ್‌ಪಿ ರೋಡಲ್ಲಿ ಹುಡುಕ್ತೀನಿ. ಯಾರ ಮನೆ ಅಟ್ಟದ ಮೇಲಾದ್ರೂ ಮೂರು ದೀಪ ಇರೋ ಹಳೇ ಯುಎಸ್‌ಬಿ ಕೀಬೋರ್ಡ್ ಬಿದ್ದಿದ್ರೆ ಹೇಳ್ರಪ್ಪಾ, ನಾನೇ ಬಂದು ತಗೊಂಡು ಹೋಗ್ತೀನಿ.